ಮೆಕ್ಕೆಜೋಳದಿಂದ ತೌಡಿನೆಡೆಗೆ: ಹಂದಿಮರಿಗಳ ಮೂಳೆ, ಜೀರ್ಣಶಕ್ತಿ ಮತ್ತು ಫೈಟೇಸ್ ಕಿಣ್ವದ ಲೆಕ್ಕಾಚಾರ

ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಬೆರೆಸುವ ಗುರಿಯನ್ನು ನಮ್ಮ ದೇಶ 2025ರಲ್ಲಿ ತಲುಪಿತು. ಈ ಅವಧಿಯಲ್ಲಿ ಮೆಕ್ಕೆಜೋಳವು ಎಥೆನಾಲ್ ತಯಾರಿಕೆಯ ಪ್ರಮುಖ ಕಚ್ಚಾವಸ್ತುವಾಗಿ ಬೆಳೆದಿದೆ. ಕೋಳಿ ಮತ್ತು ಹಂದಿ ಆಹಾರಕ್ಕೆ ಹೋಗುತ್ತಿದ್ದ ಕಾಳಿಗೆ ಈಗ ಡಿಸ್ಟಿಲರಿಗಳೂ ಗಿರಾಕಿಗಳು. ಬೆಲೆ ಏರಿದ ದಿನಗಳಲ್ಲಿ ಸಣ್ಣ ಸಾಕಣೆದಾರರು ಮೆಕ್ಕೆಜೋಳ ತಗ್ಗಿಸಿ ತೌಡು ಹೆಚ್ಚಿಸುವುದು ಸಹಜ. ಜೊತೆಗೆ, 2020ರಲ್ಲಿ ಆಫ್ರಿಕನ್ ಹಂದಿ ಜ್ವರ ಭಾರತವನ್ನು ಪ್ರವೇಶಿಸಿದ ಮೇಲೆ ಹೋಟೆಲ್ ತ್ಯಾಜ್ಯವನ್ನು ನೆಚ್ಚಿಕೊಳ್ಳುವುದೂ ಅಪಾಯಕರವಾಗಿದೆ. ಹೀಗಾಗಿ ಮನೆಯಲ್ಲೇ ಬೆರೆಸಿದ ತೌಡಿನ ಮಿಶ್ರಣದ ಮೇಲೆ ಅವಲಂಬನೆ ಹೆಚ್ಚುತ್ತಿದೆ. ಈ ಬದಲಾವಣೆಯ ಪರಿಣಾಮ ಮೊದಲು ಕಾಣುವುದು ಹಾಲು ಬಿಡಿಸಿದ ಮರಿಗಳ ಕಾಲುಗಳಲ್ಲಿ.

ಕಾಗದದ ಮೇಲಿನ ರಂಜಕ, ಮೂಳೆಗೆ ದಕ್ಕುವ ರಂಜಕ

ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ 2012ರ ಮಾನದಂಡದಂತೆ, 11ರಿಂದ 25 ಕಿಲೋ ತೂಕದ ಮರಿಯ ಆಹಾರದಲ್ಲಿ ಕ್ಯಾಲ್ಸಿಯಂ ಶೇ 0.70 ಹಾಗೂ ಒಟ್ಟು ರಂಜಕ ಶೇ 0.60 ಇರಬೇಕು. ಅದರಲ್ಲಿ ಜೀರ್ಣವಾಗಿ ದೇಹಕ್ಕೆ ದಕ್ಕಬೇಕಾದ ರಂಜಕ ಶೇ 0.33.

ಎಣ್ಣೆ ತೆಗೆದ ಅಕ್ಕಿ ತೌಡಿನಲ್ಲಿ ರಂಜಕ ಸುಮಾರು ಶೇ 1.5 ಇರುತ್ತದೆ. ಮಿಶ್ರಣದಲ್ಲಿ 40 ಭಾಗ ತೌಡು ಹಾಕಿದರೆ ಅದೊಂದರಿಂದಲೇ ಶೇ 0.60 ಪೂರೈಸಿದಂತೆ ಲೆಕ್ಕ ತೋರುತ್ತದೆ. ಆದರೆ ಆ ರಂಜಕದ ಮುಕ್ಕಾಲು ಭಾಗಕ್ಕೂ ಹೆಚ್ಚು ಫೈಟೇಟ್ ಎಂಬ ರೂಪದಲ್ಲಿ ಬಂಧಿತವಾಗಿದೆ. ಅದನ್ನು ಬಿಡಿಸಬಲ್ಲ ಫೈಟೇಸ್ ಕಿಣ್ವ ಹಂದಿಯ ಕರುಳಿನಲ್ಲಿ ಸಾಕಷ್ಟು ಉತ್ಪತ್ತಿಯಾಗುವುದಿಲ್ಲ. ಫೈಟೇಟ್ ಸತು, ಕಬ್ಬಿಣ ಮತ್ತು ಪ್ರೋಟೀನನ್ನೂ ಹಿಡಿದಿಡುತ್ತದೆ. ತೌಡಿನಲ್ಲಿ ಕ್ಯಾಲ್ಸಿಯಂ ಕೂಡ ಅತ್ಯಲ್ಪ. ಪರಿಣಾಮವಾಗಿ ಕೀಲು ಊದುವುದು, ಕುಂಟುವುದು, ಏಳಲು ಹಿಂಜರಿಯುವುದು, ಕಾಲು ಬಾಗುವುದು, ಗೋಡೆ ನೆಕ್ಕುವುದು ಮುಂತಾದ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ಜೀರ್ಣವಾಗದೆ ಉಳಿದ ಪ್ರೋಟೀನ್ ದೊಡ್ಡ ಕರುಳಿನಲ್ಲಿ ಕೊಳೆತು ಭೇದಿಗೂ ದಾರಿಯಾಗುತ್ತದೆ.

ಕಿಣ್ವದ ಕಾರ್ಯ ಮತ್ತು ವೆಚ್ಚ

ಜಾನುವಾರು ಗೊಬ್ಬರದ ರಂಜಕದಿಂದ ನೀರು ಕೆಡುತ್ತಿದ್ದ ನೆದರ್ಲೆಂಡ್ಸ್‌ನಲ್ಲಿ 1991ರಲ್ಲಿ ಫೈಟೇಸ್ ವಾಣಿಜ್ಯ ರೂಪದಲ್ಲಿ ಬಳಕೆಗೆ ಬಂದಿತು. ಒಂದು ಕಿಲೋ ಆಹಾರಕ್ಕೆ 500 ಯೂನಿಟ್ ಸೇರಿಸಿದರೆ ಸುಮಾರು ಶೇ 0.1ರಷ್ಟು ರಂಜಕ ಬಿಡುಗಡೆಯಾಗುತ್ತದೆ ಎಂಬುದು ರೂಢಿಯ ಅಂದಾಜು. ಗ್ರಾಮಿಗೆ 5,000 ಯೂನಿಟ್ ಸಾಮರ್ಥ್ಯದ ಉತ್ಪನ್ನವಾದರೆ ಒಂದು ಟನ್ ಆಹಾರಕ್ಕೆ 100 ಗ್ರಾಂ ಸಾಕು. ಇಷ್ಟೇ ರಂಜಕವನ್ನು ಶೇ 18 ರಂಜಕವಿರುವ ಡೈಕ್ಯಾಲ್ಸಿಯಂ ಫಾಸ್ಫೇಟ್ (ಡಿಸಿಪಿ) ಮೂಲಕ ಒದಗಿಸಲು ಸುಮಾರು ಐದೂವರೆ ಕಿಲೋ ಬೇಕು.

ಆದ್ದರಿಂದ ರೈತರು ಕೇಳಬೇಕಾದ ಪ್ರಶ್ನೆ ಸರಳ: ಐದೂವರೆ ಕಿಲೋ ಡಿಸಿಪಿಯ ಬೆಲೆ ಹೆಚ್ಚೋ, 100 ಗ್ರಾಂ ಕಿಣ್ವದ್ದೋ? ಡಿಸಿಪಿಯನ್ನು ಪೂರ್ಣ ಪ್ರಮಾಣದಲ್ಲಿ ಹಾಕಿ ಅದರ ಮೇಲೆ ಕಿಣ್ವವನ್ನೂ ಸೇರಿಸಿದರೆ ಒಂದೇ ರಂಜಕಕ್ಕೆ ಎರಡು ಬಾರಿ ಹಣ ತೆತ್ತಂತೆ. ಕಿಣ್ವ ಕೆಲಸ ಮಾಡುವುದೆಂದು ನಂಬಿ ಡಿಸಿಪಿ ತಗ್ಗಿಸಿದಾಗ ಕಿಣ್ವ ಸತ್ತ್ವಹೀನವಾಗಿದ್ದರೆ ನಷ್ಟ ಮರಿಯ ಮೂಳೆಗೆ.

ಪಾಲಿಸಬೇಕಾದ ಕ್ರಮಗಳು

1. ಗ್ರಾಮಿಗೆ ಎಷ್ಟು ಯೂನಿಟ್, ತಯಾರಿಕೆ ಹಾಗೂ ಅವಧಿ ಮುಗಿಯುವ ದಿನಾಂಕ ನಮೂದಿಸದ ಪೊಟ್ಟಣವನ್ನು ಕೊಳ್ಳಬಾರದು. ತಂಪಾದ, ತೇವವಿಲ್ಲದ ಸ್ಥಳದಲ್ಲಿ ಇಡಬೇಕು.
2. ಕಿಣ್ವ ಬೆರೆಸಿದ ಆಹಾರವನ್ನು ಬೇಯಿಸಬಾರದು. ಗಂಜಿ ಕಾಯಿಸುವ ಪದ್ಧತಿಯಿದ್ದರೆ ಪೂರ್ತಿ ತಣಿದ ನಂತರ ಸೇರಿಸಬೇಕು. ಹಿಟ್ಟಿನ ರೂಪದ ಒಣ ಮಿಶ್ರಣಕ್ಕೆ ಈ ತೊಡಕಿಲ್ಲ.
3. 100 ಗ್ರಾಂ ಕಿಣ್ವವನ್ನು ಮೊದಲು 1 ಕಿಲೋ ತೌಡಿನಲ್ಲಿ, ಅನಂತರ 10 ಕಿಲೋದಲ್ಲಿ, ಕೊನೆಗೆ ಇಡೀ ರಾಶಿಯಲ್ಲಿ ಬೆರೆಸಬೇಕು.
4. ಸುಣ್ಣಕಲ್ಲಿನ ಪುಡಿಯನ್ನು ಕೈಯಳತೆಯಲ್ಲಿ ಸುರಿಯಬಾರದು. ಕ್ಯಾಲ್ಸಿಯಂ ಅತಿಯಾದರೆ ಫೈಟೇಟ್‌ನೊಡನೆ ಗಟ್ಟಿಯಾಗಿ ಬೆಸೆದು ಕಿಣ್ವದ ಕೆಲಸವನ್ನು ಕುಂದಿಸುತ್ತದೆ. ಸತುವಿನ ಕೊರತೆಯಿಂದ ಚರ್ಮ ಹೊಪ್ಪಳಿಸುವುದೂ ಉಂಟು.
5. ಡಿಸಿಪಿಯನ್ನು ಒಮ್ಮೆಲೇ ಪೂರ್ತಿ ನಿಲ್ಲಿಸಬಾರದು. ಎಷ್ಟು ತಗ್ಗಿಸಬೇಕೆಂಬುದನ್ನು ಪಶುವೈದ್ಯರು ಅಥವಾ ಕೃಷಿ ವಿಜ್ಞಾನ ಕೇಂದ್ರದ ತಜ್ಞರ ಸಲಹೆಯಂತೆ ನಿರ್ಧರಿಸುವುದು ಸೂಕ್ತ.

ಕಿಣ್ವದ ಮಿತಿ

ಆಹಾರಪ್ರಾಣಿಗಳಲ್ಲಿ ಕೊಲಿಸ್ಟಿನ್ ಪ್ರತಿಜೀವಕದ ಬಳಕೆಯನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿತು. ಇಂತಹ ಔಷಧಗಳು ತೆರವುಗೊಳಿಸಿದ ಸ್ಥಾನವನ್ನು ಕಿಣ್ವಗಳು ತುಂಬುತ್ತವೆ ಎಂಬ ಪ್ರಚಾರವನ್ನು ಎಚ್ಚರದಿಂದ ಕಾಣಬೇಕು. ಫೈಟೇಸ್ ಪೋಷಕಾಂಶವನ್ನು ಬಿಡಿಸುವ ಸಾಧನವೇ ಹೊರತು ರೋಗಕ್ಕೆ ಮದ್ದಲ್ಲ. ತೌಡಿನ ನಾರನ್ನು ಒಡೆಯುವುದು ಕ್ಸೈಲನೇಸ್ ಎಂಬ ಬೇರೆಯೇ ಕಿಣ್ವದ ಕೆಲಸ. ವಿಟಮಿನ್ ಡಿ ಕೊರತೆಯನ್ನು ಯಾವ ಕಿಣ್ವವೂ ನೀಗದು. ಬಿಸಿಲು ಬೀಳದ ಕೊಟ್ಟಿಗೆಯ ಮರಿಗಳಿಗೆ ಅದನ್ನು ಪ್ರತ್ಯೇಕವಾಗಿ ಒದಗಿಸಬೇಕು. ಈಗಾಗಲೇ ಕುಂಟುತ್ತಿರುವ ಮರಿಯನ್ನು ಪಶುವೈದ್ಯರಿಗೆ ತೋರಿಸದೆ ಕಿಣ್ವ ಕೊಟ್ಟು ಕಾಯುವುದು ತರವಲ್ಲ.

ಮೆಕ್ಕೆಜೋಳದ ಬೆಲೆ ರೈತರ ಹಿಡಿತದಲ್ಲಿಲ್ಲ. ತೌಡಿನಲ್ಲಿ ಅಡಗಿರುವ ರಂಜಕವನ್ನು ಮರಿಗೆ ದಕ್ಕಿಸುವುದು ಅವರ ಕೈಯಲ್ಲಿದೆ. ದಕ್ಕದೆ ಉಳಿದದ್ದು ಗೊಬ್ಬರದ ಗುಂಡಿ ಸೇರುತ್ತದೆ. ಹೊಲಕ್ಕೆ ಅದು ಉಪಯುಕ್ತವೇ ಆದರೂ ಬೆಳೆಯುವ ಮರಿಯ ಮೂಳೆಗೆ ಆದ ಹಾನಿಯನ್ನು ಅದು ತುಂಬಿಕೊಡುವುದಿಲ್ಲ.