ಶಾಲೆಯ ಕೌತುಕದ ಬೀರು

ನಮ್ಮ ಶಾಲೆಯಲ್ಲಿ ವಿಚಿತ್ರವಸ್ತುಗಳಿಗೆಂದು ಒಂದು ಬೀರುವನ್ನಿಟ್ಟಿರುವುದನ್ನು ಕಂಡು, “ಪರೀಕ್ಷೆಗೆ ಬಾರದ ಈ ಕಲ್ಲುಮಣ್ಣುಗಳಿಂದ ಹೆಣ್ಣುಮಕ್ಕಳಿಗೇನು ಪ್ರಯೋಜನ?” ಎಂದು ಪೋಷಕರಲ್ಲಿ ಕೆಲವರು ಕೇಳಿರುತ್ತಾರೆ. ಕೇಳತಕ್ಕ ಪ್ರಶ್ನೆಯೇ ಸರಿ. ಆದರೆ ನಮ್ಮ ಚಿಂತೆ ಬೇರೊಂದುಂಟು. ವಸ್ತುವನ್ನು ತರುವಾಗ ಹುಡುಗಿಯರಿಗಿರುವ ಉತ್ಸಾಹವು ಅದು ಎಲ್ಲಿಯದೆಂದು ಚೀಟಿ ಬರೆಯುವಾಗ ಇರುವುದಿಲ್ಲ. ಚೀಟಿಯಿಲ್ಲದ ಕಲ್ಲು ಬೀರುವಿನಲ್ಲಿದ್ದರೂ ಬೀದಿಯಲ್ಲಿದ್ದರೂ ಒಂದೇ ಎಂಬದು ನಮ್ಮ ಅಭಿಪ್ರಾಯ.

ಭೂಗರ್ಭ ಶಾಸ್ತ್ರಜ್ಞರಾದ ರಾಬರ್ಟ್ ಬ್ರೂಸ್ ಫುಟ್‌ರವರು 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಆದಿಮಾನವರ ಕಲ್ಲುಗೊಡಲಿಯೊಂದನ್ನು ಕಂಡುಹಿಡಿದರು. ಬಳ್ಳಾರಿ ಜಿಲ್ಲೆಯ ಶಿಲೆಗಳನ್ನು ಕುರಿತು ಅವರು ಬರೆದ ಗ್ರಂಥವು 1895ರಲ್ಲಿ ಪ್ರಕಟವಾಯಿತು. ನಮ್ಮ ಕೂಡ್ಲಿಗಿ ಸೀಮೆಯೂ ಆಗ ಆ ಜಿಲ್ಲೆಗೇ ಸೇರಿದ್ದಿತು. ಅವರು ಕೂಡಿಸಿದ ವಸ್ತುಗಳು 1904ರಲ್ಲಿ ಮದರಾಸಿನ ಸರಕಾರಿ ವಸ್ತುಸಂಗ್ರಹಾಲಯವನ್ನು ಸೇರಿದವು. ಅವುಗಳಲ್ಲಿ ಎಷ್ಟೋ ಬರಿಯ ಮಡಕೆಯ ಚೂರು, ಕಲ್ಲಿನ ಚಕ್ಕೆ, ನೋಟಕ್ಕೆ ಚಂದವೆನ್ನಲಾಗದು. ಆದರೆ ದೊರೆತ ಊರುಗಳ ಹೆಸರುಗಳೊಡನೆ ಅವುಗಳ ಪಟ್ಟಿಯು ಗ್ರಂಥವಾಗಿರುವುದರಿಂದ ವಿದ್ವಾಂಸರಿಗೆ ಇಂದಿಗೂ ಅವು ಬೇಕು.

ಬಳ್ಳಾರಿಗೆ ಹೋಗುವ ದಾರಿಯಲ್ಲಿ ಕುಡತಿನಿಯ ಬಳಿ ಒಂದು ಬೂದಿಯ ದಿಬ್ಬವುಂಟು. ಹಂಪೆಯ ಹತ್ತಿರ ನಿಂಬಾಪುರದಲ್ಲಿಯೂ ಅಂಥದೊಂದಿದ್ದು, ಅದು ವಾಲಿಯ ಚಿತೆಯ ಬೂದಿಯೆಂದು ಜನರು ಹೇಳುತ್ತಾರೆ. ಇಂತಹ ದಿಬ್ಬಗಳು ದನಗಳ ಸಗಣಿಯು ಸುಟ್ಟು ಉಂಟಾದವೆಂದು ಫುಟ್‌ರವರು ಊಹಿಸಿದ್ದರು. 1957ರಲ್ಲಿ ಆಲ್ಚಿನ್‌ರವರು ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಅಗೆದಾಗ ದನಗಳ ಗೊರಸಿನ ಗುರುತುಗಳೇ ದೊರೆತವು! ನವಶಿಲಾಯುಗದ ಜನರು ದನಗಳನ್ನು ಕೂಡಿಹಾಕುತ್ತಿದ್ದರು. ರಾಶಿಬಿದ್ದ ಸಗಣಿಯು ಮತ್ತೆ ಮತ್ತೆ ಉರಿದು, ಕೆಲವೆಡೆ ಕರಗಿ ಕಿಟ್ಟದಂತೆ ಗಟ್ಟಿಯಾಯಿತು. ಕುಳ್ಳು ತಟ್ಟುವ ಮನೆಯ ಹುಡುಗಿಗೆ ಈ ಸಂಗತಿಯು ದೊಡ್ಡ ಪಂಡಿತರಿಗಿಂತ ಬೇಗನೆ ತಿಳಿದೀತು. ಆದರೆ ಆ ಕಿಟ್ಟದ ತುಂಡೊಂದನ್ನು ಹೆಸರಿಲ್ಲದೆ ತಂದಿಟ್ಟರೆ, ಕಮ್ಮಾರನ ಕುಲುಮೆಯ ಕಸವೆಂದು ಮರುವರ್ಷವೇ ಯಾರಾದರೂ ಗುಡಿಸಿ ಚೆಲ್ಲುವರು.

ಇನ್ನು ಕೆಲವನ್ನು ಚೀಟಿಯೊಡನೆಯೂ ತರಕೂಡದು. ಬಳ್ಳಾರಿಯ ಸಮೀಪದ ಸಂಗನಕಲ್ಲು, ಕಪ್ಪಗಲ್ಲುಗಳ ಗುಡ್ಡದಲ್ಲಿ ಕರಿಯ ಬಂಡೆಗಳ ಸಾಲೊಂದುಂಟು. ಅವುಗಳ ಮೇಲೆ ಪೂರ್ವಿಕರು ಎತ್ತುಗಳ ಚಿತ್ರಗಳನ್ನು ಕುಟ್ಟಿ ಮೂಡಿಸಿದ್ದಾರೆ. ಫಾಸೆಟ್ ಎಂಬವರು 1892ರಲ್ಲಿಯೇ ಇವನ್ನು ಕುರಿತು ಬರೆದರು. ಚಿತ್ರಗಳಿಗಿಂತ ಸೋಜಿಗವಾದದ್ದೇನೆಂದರೆ, ಅಲ್ಲಿಯ ಕೆಲವು ಬಂಡೆಗಳನ್ನು ಕಲ್ಲಿನಿಂದ ತಟ್ಟಿದರೆ ಗಂಟೆಯಂತೆ ನಾದ ಬರುತ್ತದೆ. ತಟ್ಟಿ ತಟ್ಟಿಯೇ ಅವುಗಳಲ್ಲಿ ಕುಳಿ ಬಿದ್ದಿರುತ್ತವೆ. ಈ ನಾದವನ್ನು ಯಾವ ಬೀರುವಿನಲ್ಲಿಡೋಣ? ಬಂಡೆಯಿಂದ ಚಕ್ಕೆ ಮುರಿದು ತಂದವಳು ಬರಿಯ ಚಕ್ಕೆಯನ್ನು ತಂದಾಳು. ಕಲ್ಲುಗಣಿಯವರಿಂದ ಆ ಪ್ರದೇಶಕ್ಕೆ ಆಗಿರುವ ಕೇಡೇ ಸಾಕಷ್ಟಿದೆ. ಅದಕ್ಕೆ ವಿದ್ಯಾರ್ಥಿನಿಯರ ಕೈಯೂ ಸೇರುವುದು ಬೇಡ.

ಆಭರಣ, ಕೇಶಾಲಂಕಾರಗಳ ಬಗೆಗಳನ್ನು ನೋಡಬೇಕೆನ್ನುವವರಿಗೆ ಹಡಗಲಿ ತಾಲ್ಲೂಕಿನ ಕುರುವತ್ತಿಯಿದೆ. ಅಲ್ಲಿಯ ಮಲ್ಲಿಕಾರ್ಜುನ ದೇವಾಲಯದ ಚಾಲುಕ್ಯರ ಕಾಲದ ಮದನಿಕೆಯರನ್ನು ಕತ್ತೆತ್ತಿ ನೋಡಬೇಕು. ಅಲೆಕ್ಸಾಂಡರ್ ರೀ ಅವರ 1896ರ ಗ್ರಂಥದಲ್ಲಿ ಈ ಗುಡಿಯ ವರ್ಣನೆಯುಂಟು. ಆದರೂ ಕೊರಳ ಹಾರಕ್ಕೆ ಎಷ್ಟು ಎಳೆ, ತೋಳಬಂದಿ ಎಲ್ಲಿ ಕುಳಿತಿದೆ ಎಂಬುದನ್ನು ಹುಡುಗಿಯರ ಕಣ್ಣು ಯಾವ ಪಂಡಿತರ ಕಣ್ಣಿಗೂ ಸೋಲದೆ ಹಿಡಿಯುವುದೆಂದು ನಮ್ಮ ನಂಬಿಕೆ. ಪೆನ್ಸಿಲು, ಕಾಗದಗಳಿದ್ದರೆ ಸಾಕು.

ಆದಕಾರಣ ಬೀರುವಿನ ಮೇಲಿನ ಎರಡು ಖಾನೆಗಳನ್ನು ಚಿತ್ರಗಳಿಗೂ ಚೀಟಿಗಳಿಗೂ ಬಿಟ್ಟಿರುತ್ತೇವೆ. ಹೊಸಹಳ್ಳಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಗಳ ಕಡೆ ನೆಲಸಿರುವ ಹಳೆಯ ವಿದ್ಯಾರ್ಥಿನಿಯರು ತಮ್ಮೂರಿನಲ್ಲಿ ಕಂಡ ವಿಶೇಷವನ್ನು ಕಂಡಲ್ಲಿಯೇ ಬಿಟ್ಟು, ಅದರ ಚಿತ್ರವನ್ನು ಮಾತ್ರ ಕಳುಹಿಸಬೇಕಾಗಿ ಕೋರುತ್ತೇವೆ. ಊರು, ಹೊಲ ಅಥವಾ ಗುಡ್ಡದ ಹೆಸರು, ಕಂಡ ದಿನ, ಕಂಡವರ ಹೆಸರು, ಇಷ್ಟನ್ನು ಮಸಿಯಲ್ಲಿ ಬರೆದಿರಬೇಕು. ಪೆನ್ಸಿಲಿನ ಬರಹವು ಉಜ್ಜಿದರೆ ಅಳಿಸಿಹೋಗುತ್ತದೆ.