ಮಾತ್ರೆಯ ತೂಕಡಿಕೆ

ಹಾರ್ಟಿನ ಮಾತ್ರೆ ಶುರುವಾದ ಮೇಲೆ ಹಗಲೆಲ್ಲ ಜೋಂಪು ಹತ್ತುತ್ತದೆ ಎನ್ನುವವರನ್ನು ಮನೆಯವರು ಸೋಮಾರಿಗಳ ಪಟ್ಟಿಗೆ ಸೇರಿಸಿಬಿಡುತ್ತಾರೆ. ಎಷ್ಟೋ ಸಲ ತಪ್ಪು ಮಾತ್ರೆಯದು. ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್‌ನಂಥ ಬೀಟಾ ಬ್ಲಾಕರ್‌ಗಳು ಅಡ್ರಿನಲಿನ್ನಿನ ಆರ್ಭಟ ತಗ್ಗಿಸುತ್ತವೆ: ನಾಡಿ ನಿಧಾನವಾಗುತ್ತದೆ, ಬಿಪಿ ಇಳಿಯುತ್ತದೆ, ಜೊತೆಗೆ ಮೈ ಭಾರವೂ ಆಗುತ್ತದೆ. ಕೊಬ್ಬಿನಲ್ಲಿ ಕರಗುವ ಇವೆರಡೂ ಮಿದುಳಿಗೆ ಸಲೀಸಾಗಿ ನುಗ್ಗುತ್ತವೆ. ನೀರಿನಲ್ಲಿ ಕರಗುವ ಅಟೆನೊಲಾಲ್ ಅಷ್ಟಾಗಿ ನುಗ್ಗದು. ಸಾಲದ್ದಕ್ಕೆ, ನಿದ್ದೆಯ ಹಾರ್ಮೋನಾದ ಮೆಲಟೋನಿನ್ನನ್ನು ಬೀಟಾ ಬ್ಲಾಕರ್‌ಗಳು ಕುಗ್ಗಿಸಬಲ್ಲವು. ರಾತ್ರಿ ಉಳಿದ ನಿದ್ದೆಯ ಬಾಕಿಯನ್ನು ಹಗಲು ಬಡ್ಡಿಸಮೇತ ವಸೂಲಿ ಮಾಡುತ್ತದೆ. ಹಾಗೆಂದು ‘ಎರಡು ದಿನ ಬಿಟ್ಟು ನೋಡೋಣ’ ಎಂಬ ಸ್ವಯಂವೈದ್ಯ ಬೇಡವೇ ಬೇಡ. ದಿಢೀರನೆ ನಿಲ್ಲಿಸಿದರೆ ಎದೆನೋವು, ಹೃದಯಾಘಾತವೂ ಎರಗಬಹುದು. ಬದಲಿಗೆ ಒಂದು ವಾರ ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಡಿ: ಮಾತ್ರೆ ನುಂಗಿದ ಹೊತ್ತು, ತೂಕಡಿಸಿದ ಹೊತ್ತು, ನಾಡಿ, ಬಿಪಿ. ಅದನ್ನು ನೋಡಿ ಡಾಕ್ಟರು ಡೋಸ್ ಇಳಿಸಬಹುದು, ಹೊತ್ತು ಬದಲಿಸಬಹುದು, ಬೇರೆ ಮಾತ್ರೆ ಕೊಡಬಹುದು. ಗೊರಕೆ ಜೋರಿದ್ದರೆ ಅದನ್ನೂ ಹೇಳಿ. ನಿದ್ದೆಯಲ್ಲಿ ಉಸಿರು ಆಗಾಗ ನಿಂತು ಹಗಲು ತೂಕಡಿಸುವಂತೆ ಮಾಡುವ ಸ್ಲೀಪ್ ಆಪ್ನಿಯಾ ಹೃದ್ರೋಗಿಗಳಲ್ಲಿ ಅಪರೂಪವಲ್ಲ. ನೆಗಡಿಗೆಂದು ಮೆಡಿಕಲ್ ಶಾಪಿನಿಂದ ತಂದ ಸೆಟ್ರಿಜಿನ್ ಕೂಡ ತೂಕಡಿಕೆಗೆ ಕೈಜೋಡಿಸುತ್ತದೆ. ಡಾಕ್ಟರನ್ನು ಕಾಣುವವರೆಗೆ ಮಧ್ಯಾಹ್ನದ ಮುದ್ದೆ ಸಣ್ಣದಾಗಲಿ, ಊಟವಾಗಿ 20 ನಿಮಿಷದ ಒಂದು ಸಣ್ಣ ನಿದ್ದೆ ಸಾಕು, ಸ್ಕೂಟರಿನ ಕೀ ಮಗಳ ಕೈಯಲ್ಲಿರಲಿ. ಕಣ್ಣು ಕತ್ತಲಿಟ್ಟು ಬಿದ್ದರೆ, ಉಸಿರು ಸಿಕ್ಕದಂತಾದರೆ ಮಾತ್ರ ಕ್ಯಾಲೆಂಡರ್ ನೋಡುತ್ತ ಕೂರಬೇಡಿ, ನೇರ ಆಸ್ಪತ್ರೆಗೆ ಹೊರಡಿ.