ಸೋಫೊಮೋರ್: ನಡುವಿನ ವರ್ಷದ ಹೆಸರು

ಕಳೆದ ಮಳೆಗಾಲದಲ್ಲಿ ನಮ್ಮ ಬಳಗದ ತರುಣ ಗೆಳೆಯರೊಬ್ಬರು ತಾವು ಕನ್ನಡಕ್ಕೆ ತಂದ ಅಮೆರಿಕದ ಕಥೆಯೊಂದನ್ನು ತಿದ್ದಿಕೊಡಲು ಕೇಳಿದರು. ಮೂಲದಲ್ಲಿ ನಾಯಕಿ ಕಾಲೇಜಿನ 'ಸೋಫೊಮೋರ್'. ಅನುವಾದದಲ್ಲಿ ಆಕೆ 'ದ್ವಿತೀಯ ಪಿಯುಸಿ ವಿದ್ಯಾರ್ಥಿನಿ'ಯಾಗಿದ್ದಳು. ಎರಡನೆಯ ವರ್ಷವೆಂಬ ಲೆಕ್ಕವೇನೋ ಸರಿಯೇ. ಆದರೆ ಕರ್ನಾಟಕದ ಓದುಗನಿಗೆ ದ್ವಿತೀಯ ಪಿಯುಸಿ ಎಂದೊಡನೆ ಕಣ್ಮುಂದೆ ನಿಲ್ಲುವುದು ಪಬ್ಲಿಕ್ ಪರೀಕ್ಷೆ, ಸಿಇಟಿ, ಟ್ಯೂಷನ್ನು, ಮನೆಯಲ್ಲಿ ಟಿ.ವಿ.ಗೂ ಬಿದ್ದ ಬೀಗ. ಕಥೆಯ ಹುಡುಗಿಗೆ ಅಂಥ ಆತಂಕವಿಲ್ಲ. ಮೊದಲ ವರ್ಷದ ಅಂಜಿಕೆ ಕಳೆದಿದೆ, ಕೊನೆಯ ವರ್ಷದ ಚಿಂತೆ ಇನ್ನೂ ದೂರ. ಆ ನಡುವಿನ ನಿರಾಳವೇ ಕಥೆಯ ವಸ್ತು. ಪದವೊಂದು ತಪ್ಪಿ ಕಥೆಯೇ ದಾರಿ ತಪ್ಪಿತ್ತು.

ಅಮೆರಿಕದ ನಾಲ್ಕು ವರ್ಷಗಳ ಪದವಿ ವ್ಯಾಸಂಗದಲ್ಲಿ ಫ್ರೆಶ್‌ಮನ್, ಸೋಫೊಮೋರ್, ಜೂನಿಯರ್, ಸೀನಿಯರ್ ಎಂಬವು ಅನುಕ್ರಮವಾದ ಹೆಸರುಗಳು. ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗಿನ ಹೈಸ್ಕೂಲಿಗೂ ಇವೇ ಹೆಸರುಗಳು. ಆದುದರಿಂದ ಅಲ್ಲಿಯ ಬಂಧುಗಳು 'ಮಗಳು ಸೋಫೊಮೋರ್' ಎಂದರೆ ಅವಳು ಹತ್ತನೆಯ ತರಗತಿಯ ಬಾಲೆಯೋ, ಕಾಲೇಜು ತರುಣಿಯೋ ಎಂದು ಮತ್ತೆ ಕೇಳಬೇಕಾಗುತ್ತದೆ. ಗಾಯಕನ ಎರಡನೆಯ ಆಲ್ಬಮಿಗೂ ಆಟಗಾರನ ಎರಡನೆಯ ಋತುವಿಗೂ ಈ ವಿಶೇಷಣ ಅಂಟಿಕೊಳ್ಳುವುದುಂಟು.

ಗ್ರೀಕಿನಲ್ಲಿ 'ಸೋಫೋಸ್' ಎಂದರೆ ಜ್ಞಾನಿ, 'ಮೋರೋಸ್' ಎಂದರೆ ಮೂಢ; ಎರಡೂ ಕೂಡಿ 'ಜಾಣ ಮೂರ್ಖ' ಎಂದಾಯಿತು ಎಂಬ ವಿವರಣೆ ಬಹು ಜನಪ್ರಿಯ. ನಾನೂ ತರಗತಿಯಲ್ಲಿ ಇದನ್ನು ಹೇಳಿ ನಗಿಸಿದವನೇ. ಆದರೆ ನಿರುಕ್ತಕಾರರು ಒಪ್ಪುವ ದಾರಿ ಬೇರೆ. ಇಂಗ್ಲಿಷಿನಲ್ಲಿ 'ಸಾಫಿಸಂ' ಎಂಬುದಕ್ಕೆ 'ಸೋಫಮ್' ಎಂಬ, ಈಗ ಬಳಕೆ ತಪ್ಪಿದ ರೂಪವೊಂದಿತ್ತು. ಅದರ ಅಭ್ಯಾಸ ಮಾಡುವವನು 'ಸೋಫ್ಯುಮರ್'. 17ನೆಯ ಶತಮಾನದ ಕೇಂಬ್ರಿಜ್‌ನಲ್ಲಿ ವಿದ್ಯಾರ್ಥಿಯು ಪಕ್ಷ ಹಿಡಿದು ವಾದಿಸುವುದು ಕಲಿಕೆಯ ಮುಖ್ಯ ಅಂಗವಾಗಿತ್ತು. ನಮ್ಮ ನ್ಯಾಯಶಾಸ್ತ್ರ ವಾದ, ಜಲ್ಪ, ವಿತಂಡ ಎಂದು ಬಿಡಿಸಿ ಹೇಳಿದ ವಿದ್ಯೆಗೆ ಹತ್ತಿರವಾದ ಸಾಧನೆ ಅದು. ಡಬ್ಲಿನ್ನಿನ ಟ್ರಿನಿಟಿ ಕಾಲೇಜು ಇಂದಿಗೂ ತನ್ನ ಮೂರನೆಯ, ನಾಲ್ಕನೆಯ ವರ್ಷದವರನ್ನು 'ಸೋಫಿಸ್ಟರ್' ಎಂದೇ ಕರೆಯುತ್ತದೆ. ಮೂಢತನ ಆ ಮೇಲೆ ಹತ್ತಿಕೊಂಡ ಬಣ್ಣ. ಬಣ್ಣವೇ ಗೆದ್ದು, 'ಸೋಫೊಮೋರಿಕ್' ಎಂದರೆ ಅರೆಬೆಂದ, ಬಾಲಿಶವಾದ, ತಿಳಿದವನೆಂಬ ಹಮ್ಮಿನ ಎಂದಾಗಿದೆ.

ಈ ಗೆಲುವು ನನಗೆ ಒಪ್ಪಿಗೆಯಿಲ್ಲ. ಮುಂಬಯಿಯಲ್ಲಿ ನಾನು ಪಾಠ ಹೇಳಿದ ಹುಡುಗರಲ್ಲಿ ಹಲವರು ಬೆಳಗ್ಗೆ ತರಗತಿಗೆ ಬಂದು, ಮಧ್ಯಾಹ್ನದಿಂದ ಹೋಟೆಲಿನ ಗಲ್ಲಾದಲ್ಲೋ ಅಂಗಡಿಯಲ್ಲೋ ದುಡಿಯುತ್ತಿದ್ದರು. ಮೊದಲ ವರ್ಷ ಬಾಯಿ ಬಿಡದವರು ಎರಡನೆಯ ವರ್ಷಕ್ಕೆ ಬಂದೊಡನೆ ಎದ್ದುನಿಂತು ಎದುರಾಡುತ್ತಿದ್ದರು. ಅರ್ಧ ಓದಿದ ಪುಸ್ತಕದ ಬಲದಿಂದ ಕುವೆಂಪು ಅವರನ್ನೂ ಬೇಂದ್ರೆಯವರನ್ನೂ ತಕ್ಕಡಿಗೆ ಹಾಕುತ್ತಿದ್ದರು. ಆಗ ನನಗೆ ರೇಗುತ್ತಿತ್ತು. ಒಮ್ಮೆ ಒಬ್ಬನನ್ನು 'ಅರೆಬೆಂದವನು' ಎಂದು ಎಲ್ಲರೆದುರಿಗೆ ಹಂಗಿಸಿದ್ದೂ ಉಂಟು. ಆತ ಮೂರನೆಯ ವರ್ಷಕ್ಕೆ ಬರಲಿಲ್ಲ. ಕಾರಣ ಮನೆಯ ಬಡತನವೆಂದು ಆಮೇಲೆ ತಿಳಿಯಿತು; ಆದರೂ ಆ ಮಾತು ನನ್ನ ಬಾಯಿಂದ ಬಂದದ್ದು ಬಂದದ್ದೇ. ವಾದ ಕಲಿಯುವವನು ಮೊದಲು ತಪ್ಪಾಗಿಯೇ ವಾದಿಸುತ್ತಾನೆ. ಹಳೆಯ ಕೇಂಬ್ರಿಜ್ ಅದಕ್ಕೆ ಒಂದು ವರ್ಷವನ್ನೂ ಒಂದು ಹೆಸರನ್ನೂ ಕೊಟ್ಟಿತ್ತು. ನಾನು ಬೈಗುಳ ಕೊಟ್ಟೆ.

ಇನ್ನು ಕನ್ನಡದಲ್ಲಿ ಏನೆನ್ನೋಣ? ಮುಂಬಯಿಯ ನಮ್ಮ ಮಕ್ಕಳು 'ನಾನು ಎಸ್‌ವೈ' ಎನ್ನುತ್ತಾರೆ. ಎಫ್‌ವೈ, ಎಸ್‌ವೈ, ಟಿವೈ ಇಲ್ಲಿ ಮನೆಮಾತು. ಧಾರವಾಡದ ಓದುಗನಿಗೆ ಮಾತ್ರ ಅದು ಒಗಟು. 'ಸೋಫೊಮೋರ್' ಎಂದೇ ಉಳಿಸಿದರೆ ಅಡಿಟಿಪ್ಪಣಿ ಬೇಕು, ಕಥೆಗೆ ಅಡಿಟಿಪ್ಪಣಿ ಭಾರ. 'ಜಾಣಮೂಢ' ಎಂಬ ಹೊಸ ಪದ ಕಟ್ಟೋಣವೆಂದು ಗೆಳೆಯರು ಉತ್ಸಾಹದಿಂದ ಸೂಚಿಸಿದರು. ಸುಳ್ಳು ವ್ಯುತ್ಪತ್ತಿಯನ್ನು ಕನ್ನಡದಲ್ಲೂ ನೆಡುವುದು ಬೇಡವೆಂದೆ. ಕೊನೆಗೆ ನಾಯಕಿ 'ಕಾಲೇಜಿನ ಎರಡನೆಯ ವರ್ಷದವಳು' ಆದಳು. ಸಪ್ಪೆಯೆಂದು ಅವರಿಗೆ ಅಸಮಾಧಾನ. ಇರಲಿ, ಅವಳ ನಿರಾಳವನ್ನು ಉಳಿದ ವಾಕ್ಯಗಳು ಹೇಳುತ್ತವೆ. ಕಥೆಯ ಕೊನೆಯಲ್ಲಿ ಪ್ರಾಧ್ಯಾಪಕನೊಬ್ಬ ಅವಳ ಪ್ರಬಂಧವನ್ನು 'ಸೋಫೊಮೋರಿಕ್' ಎಂದು ಜರೆಯುತ್ತಾನೆ. ಅಲ್ಲಿ ಮಾತ್ರ 'ಅರೆಬೆಂದದ್ದು' ಎಂಬ ಪದವನ್ನು ನಾನೇ ಬರೆದುಕೊಟ್ಟೆ. ಆ ಮಾತು ಆ ಪಾತ್ರಕ್ಕೆ ಸಲ್ಲುತ್ತದೆ.